ಹೆಬ್ಬೆರಳಿನ ಕುಂಕುಮ

ಬೂದುಗುಂಬಳದ ಹೋಳು ಇನ್ನೂ ಸ್ಟೇಷನ್ ಗೇಟಿನಲ್ಲೇ ಬಿದ್ದಿದೆ, ಒಳಗೆಲ್ಲ ಕೆಂಪು, ನಿನ್ನೆ ಆಯುಧಪೂಜೆಗೆ ಆಟೋದವರು ಒಡೆದದ್ದು, ಜಾರುತ್ತೆ ನೋಡ್ಕೊಂಡ್ ಬಾರೇ ಪ್ರತಿಭಾ ಎನ್ನುತ್ತಾನೆ ಗೌರೀಶ್, ಎಷ್ಟು ಕಾಳಜಿ ನನ್ನ ಕ್ಲಾಸ್‌ಮೇಟಿಗೆ, ಹೋದ ವಾರ ಇದ್ದಕ್ಕಿದ್ದಂತೆ ನಾನಂದ್ರೆ ಇಷ್ಟಾನಾ ಅಂತ ಕೇಳಿಬಿಟ್ಟ, ನಮ್ಮ ಹುಡುಕಾಟದ ಮುಂದಿನ ಡಬ್ಬಿ ಸಿಗಲಿ ಹೇಳ್ತೀನಿ ಅಂದೆ, ಹೂಂ ಅಂತಲೇ ಹೇಳುವುದು — ಅವನ ಹೆಬ್ಬೆರಳು ಯಾಕೆ ಕೆಂಪಗಿದೆ? ಕುಂಕುಮ. ಇರಲಿ, ನಿನ್ನೆ ಇಡೀ ಬೆಂಗಳೂರೇ ಗಾಡಿಗಳಿಗೆ ಕುಂಕುಮ ಹಚ್ಚಿದೆ, ಆದರೆ ಇವರ ಮನೆಯಲ್ಲಿ ಹಬ್ಬವೇ ಇಲ್ಲವಲ್ಲ, ತಾತನ ತಮ್ಮ ತೀರಿಕೊಂಡು ಸೂತಕ ಕಣೇ, ಗಾಡೀನೂ ತೊಳ್ದಿಲ್ಲ ಅಂತ ಇವನೇ ಹೇಳಿದ್ದು, ಎನ್.ಆರ್. ಕಾಲೋನಿಯ ಮನೆಯಿಂದ ನೆಟ್ಟಗೆ ಬರ್ತಿದೀನಿ ಅಂದದ್ದೂ ಇವನೇ. ಹಾಗಾದರೆ ಆ ಹೆಬ್ಬೆರಳು ಎಲ್ಲಿಗೆ ಹೋಗಿತ್ತು, ಯಾರ ಜೊತೆ, ನಮ್ಮ ಕ್ಲಾಸಿನ ಶಿವರಂಜಿನಿ ಜೊತೆಯಾ, ಕ್ಯಾಂಟೀನಿನಲ್ಲಿ ಅವಳಿಗೂ ಇದೇ ಆಟ ಹೇಳಿಕೊಡುತ್ತಿದ್ದ, ಯಾರೋ ಡಬ್ಬಿ ಬಚ್ಚಿಡ್ತಾರೆ, ಜಾಗ ಆ್ಯಪಲ್ಲಿ ಹಾಕ್ತಾರೆ, ಹುಡುಕಿ ಹೆಸರು ಬರೆದು ಅಲ್ಲೇ ಇಡೋದು, ಜಿಯೋಕ್ಯಾಶಿಂಗ್ ಅಂತ, ಅಮ್ಮನ ಪ್ರಕಾರ ಕೆಲಸವಿಲ್ಲದವರ ಕಣ್ಣಾಮುಚ್ಚಾಲೆ. ಅಮ್ಮನಿಗೇನು ಗೊತ್ತು, ನನಗೆ ಲೆಕ್ಕ ಬರಲ್ಲ, ಸ್ಕೂಟರ್ ಬರಲ್ಲ, ದೋಸೆ ಹುಯ್ದರೆ ಭೂಪಟ, ಇದೊಂದು ಬರುತ್ತೆ, ಲಾಲ್‌ಬಾಗ್‌ನಲ್ಲಿ ಡಬ್ಬಿ ಹುಡುಕಿದ್ದು ನಾನೇ, ಮಾರ್ಕೆಟ್ ಹತ್ತಿರವೂ ನಾನೇ, ನಿನ್ದು ಹದ್ದಿನ ಕಣ್ಣು ಗುರು ಅಂತಾನೆ.

ಮಲ್ಲೇಶ್ವರದ ಈ ಹಳೇ ಸ್ಟೇಷನ್ ಹಳ್ಳಿಯ ಸ್ಟೇಷನ್ನಿನಷ್ಟೇ ಪುಟ್ಟದು, ಬಾಗಿಲಿಗೆ ಬಾಳೆಕಂಬ, ಕಬ್ಬಿಣದ್ದಕ್ಕೆಲ್ಲ ಕುಂಕುಮದ ಬೊಟ್ಟು, ಬೊಟ್ಟಿಟ್ಟ ಬೆಂಚಿನ ಕಡೆ ಅವನು ನೋಡುವುದೇ ಇಲ್ಲ, ಉಳಿದದ್ದನ್ನೆಲ್ಲ ನೋಡುತ್ತಾನೆ, ಫೋನೂ ನೋಡುತ್ತಿಲ್ಲ, ಆ ಬೆಂಚ್ ಮೇಲೆ ಕೂತ್ಕೋ, ಸುಸ್ತಾಗಿದೀಯ ಅನ್ನುತ್ತಾನೆ. ನನಗೆಲ್ಲಿ ಸುಸ್ತು? ಕೂತು ಕೆಳಗೆ ಕೈ ಹಾಕುತ್ತೇನೆ, ಸಿಕ್ಕಿತು, ಅಯಸ್ಕಾಂತದಿಂದ ಅಂಟಿಕೊಂಡ ಪುಟ್ಟ ತಗಡಿನ ಡಬ್ಬಿ, ಸೂಪರ್ ಪ್ರತಿಭಾ, ಹದ್ದಿನ ಕಣ್ಣು! ಚಪ್ಪಾಳೆ ಬೇರೆ. ಡಬ್ಬಿಯ ಮೈತುಂಬ ಕುಂಕುಮ. ಕಸ ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿ ನಗುತ್ತಾಳೆ, ಸಿಕ್ತಾ ಕಣವ್ವ, ಬಗ್ಗಿ ಗುಡಿಸ್ವಾಗ ದಿನಾ ನೋಡ್ತೀನಿ, ಅದೂ ಕಬ್ಬಿಣಾನೇ ಅಲ್ವಾ ಅಂತ ನೆನ್ನೆ ಅದ್ಕೂ ಬಳ್ದೆ, ಏನಪ್ಪಾ, ಬೆಳಿಗ್ಗೆ ಒಬ್ನೇ ಬಂದು ಇದ್ನೇ ತಡಕಾಡ್ತಿದ್ದೆ, ಈಗ ಈ ಮಗೂಗೆ ತೋರ್ಸೋಕ್ ಬಂದ್ಯಾ? ಒಬ್ಬನೇ. ಶಿವರಂಜಿನಿ ಇಲ್ಲ, ಅಬ್ಬಾ, ಒಂದು ಉಸಿರಿನಷ್ಟು ಖುಷಿ, ಅಷ್ಟೇ. ಗೌರೀಶ್, ಯಾಕೆ? ನೀನೇ ಹುಡುಕ್ಲಿ ಅಂತ ಕಣೇ, ಡಬ್ಬಿ ಇದೆಯಾ ಅಂತ ನೋಡ್ಕೊಂಡೆ ಅಷ್ಟೇ, ಸಿಕ್ಕಿಲ್ಲ ಅಂದ್ರೆ ನೀನು ಹೇಳಲ್ವಲ್ಲ. ಲಾಲ್‌ಬಾಗ್‌ದೂ ಮೊದ್ಲೇ ಹೋಗಿ ನೋಡಿದ್ಯಾ? ಬಿಡೇ ಅದು. ಮಾರ್ಕೆಟ್‌ದು? ಅವನು ಹಳಿಗಳ ಕಡೆ ತಿರುಗುತ್ತಾನೆ, ಅಲ್ಲೂ ಆ ಮರದ ಹತ್ರ ಕೂತ್ಕೋ ಅಂದಿದ್ದ, ಆ ಗೋಡೆಗೆ ಒರಗ್ಕೋ ಅಂದಿದ್ದ, ನಾನು ಕುಣಿದಿದ್ದೆ, ಅಮ್ಮನಿಗೆ ಫೋನ್ ಮಾಡಿ ಕುಣಿದಿದ್ದೆ, ಹೇಳೇ, ಈಗ್ಲಾದ್ರೂ ಹೇಳು ಅನ್ನುತ್ತಾನೆ, ಹೂಂ ಅನ್ನಬೇಕಿದ್ದವಳು ಕೈಯಲ್ಲಿನ ಡಬ್ಬಿ ತಿರುಗಿಸುತ್ತೇನೆ, ಮುಚ್ಚಳದ ಕುಂಕುಮದ ನಡುವೆ ಒಂದೇ ಒಂದು ಕಡೆ ತಗಡು ಹೆಬ್ಬೆರಳಿನ ಆಕಾರಕ್ಕೆ ಬೋಳಾಗಿದೆ, ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡುತ್ತೇನೆ, ಸುತ್ತಲೂ ಜಾಗ ಉಳಿಯುತ್ತದೆ, ಅವನ ಬೆರಳು ದೊಡ್ಡದು —