ಗಾಳಿ ಡೇರಿಯ ಮೂರು ಬಟ್ಟಲು

ನಾನು ಗಾಳಿ ಅಳೆಯುವ ಯಂತ್ರ. ಯಂತ್ರ ಎಂದು ಹೇಳಿಕೊಳ್ಳುವಷ್ಟು ದೊಡ್ಡವನೇನೂ ಅಲ್ಲ. ಗೇಣುದ್ದದ ದೇಹ, ತಲೆಯ ಮೇಲೆ ಮೂರು ಸಣ್ಣ ಕರಿಯ ಬಟ್ಟಲುಗಳು, ಅಷ್ಟೇ ನನ್ನ ಆಸ್ತಿ. ಗಾಳಿ ಬೀಸಿದರೆ ಬಟ್ಟಲುಗಳು ತಿರುಗುತ್ತವೆ. ಎಷ್ಟು ಜೋರಾಗಿ ತಿರುಗಿದವು ಎಂಬುದನ್ನು ಒಂದು ತಂತಿ ಕೆಳಗಿನ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಗಾಣದ ಎತ್ತಿಗಾದರೂ ಸಂಜೆ ನೊಗ ಇಳಿಸುತ್ತಾರೆ. ದುಡಿಯುವ ಕಾಲದಲ್ಲಿ ನನಗೆ ಆ ಭಾಗ್ಯ ಒಂದೇ ಒಂದು ಸಲ ಸಿಕ್ಕಿತು, ಅದರಿಂದ ಒಂದು ಊರೇ ಕಷ್ಟಕ್ಕೆ ಬಿತ್ತು. ಆ ಕತೆಯನ್ನು ಹೇಳುತ್ತೇನೆ. ಅವಸರ ಮಾಡಬೇಡಿ, ಈಗ ನನಗೆ ಬೇಕಾದಷ್ಟು ಪುರುಸೊತ್ತಿದೆ.

ನಾನು ಹುಟ್ಟಿದ್ದು ದೊಡ್ಡ ಊರೊಂದರ ಹೊರಗಿನ ತಗಡಿನ ಶೆಡ್ಡಿನಲ್ಲಿ. ಉದ್ದನೆಯ ಕೊಳವೆಯೊಳಗೆ ನನ್ನನ್ನು ನಿಲ್ಲಿಸಿ, ದೊಡ್ಡ ಫ್ಯಾನಿನಿಂದ ಗಾಳಿ ಬಿಟ್ಟು, ನಾನು ಸುಳ್ಳು ಹೇಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬೆನ್ನಿಗೆ ಒಂದು ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿದರು. ಸತ್ಯವಂತ ಎಂದು ಹುಟ್ಟುವಾಗಲೇ ಹೆಸರು ಪಡೆಯುವುದು ಒಂದು ಭಾರ. ಮನುಷ್ಯರಿಗೆ ಆ ಕಷ್ಟ ಇಲ್ಲ.

ಮೊದಲು ನನ್ನನ್ನು ಕೊಂಡದ್ದು ಒಂದು ಕಂಪನಿ. ಎಲ್ಲೋ ಒಂದು ಗುಡ್ಡದ ನೆತ್ತಿಯಲ್ಲಿ ಕಂಬ ನೆಟ್ಟು ಅದರ ತುದಿಗೆ ನನ್ನನ್ನು ಬಿಗಿದರು. ಬಿಸಿಲು, ಗುಡುಗು, ಹದ್ದುಗಳ ಹಿಕ್ಕೆ ಎಲ್ಲವನ್ನೂ ತಲೆಯ ಮೇಲೆ ಹೊತ್ತು ತಿರುಗಿದೆ. ಗಾಳಿ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ದೊಡ್ಡ ದೊಡ್ಡ ರೆಕ್ಕೆಯ ಯಂತ್ರಗಳು ಬಂದವು, ಗುಡ್ಡದ ಸುತ್ತ ಬೇಲಿ ಬಂತು, ಗೇಟಿಗೆ ಬೀಗ ಬಂತು. ಕರೆಂಟು ತಂತಿ ಹಿಡಿದು ದೂರ ಹೋಯಿತು. ಕೆಳಗಿನ ಊರಿನ ದನಗಳು ಬೇಲಿಯ ಹೊರಗೆ ನಿಂತು ಒಳಗಿನ ಹುಲ್ಲನ್ನು ನೋಡುತ್ತಿದ್ದವು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯಿದೆಯಲ್ಲ, ಅಲ್ಲಿ ಗಾಳಿ ಊರಿನವರದು, ತೂರಿಕೊಂಡವರು ಬೇರೆ. ನನ್ನನ್ನು ಕೇಳುವವರು ಯಾರು? ಕೆಲಸ ಮುಗಿದವನನ್ನು ಗೋಣಿಚೀಲಕ್ಕೆ ತುಂಬಿ ಗೋದಾಮಿನ ಮೂಲೆಗೆ ಎಸೆದರು.

ಅಲ್ಲಿಂದ ನನ್ನನ್ನು ಎತ್ತಿದವರು ಧಾರವಾಡದ ದೇಸಾಯರು. ಕೆಲಸದಿಂದ ನಿವೃತ್ತರಾದ ಎಂಜಿನಿಯರು, ತೆಳ್ಳಗಿನ ಮನುಷ್ಯ, ಯಾವಾಗಲೂ ಟೋಪಿ ಹಾರಿಸಿಕೊಂಡು ಅದರ ಹಿಂದೆ ಓಡುವವರು. ಊರಿನವರೇ ಕೂಡಿ ಸ್ವಂತಕ್ಕೊಂದು ಗಾಳಿಯಂತ್ರ ಹಾಕಿಕೊಳ್ಳಬೇಕು ಎಂಬುದು ಅವರ ಹುಚ್ಚು. ಹಲವು ಊರು ತಿರುಗಿ ಬೈಸಿಕೊಂಡು, ಕೊನೆಗೆ ಗದಗ ಸೀಮೆಯ ಮುದ್ದನಕೊಪ್ಪಕ್ಕೆ ಬಂದಾಗ ಅವರ ಮಾತು ಕೇಳಲು ಒಬ್ಬರು ಸಿಕ್ಕರು. ಅವರೇ ಶಂಕ್ರವ್ವ, ಊರಿನ ಹಾಲಿನ ಡೇರಿಯ ಅಧ್ಯಕ್ಷೆ.

ಶಂಕ್ರವ್ವನ ಬಗ್ಗೆ ಒಂದು ಮಾತು ಹೇಳಬೇಕು. ಹಾಲಿಗೆ ನೀರು ಬೆರೆಸಿ ತಂದವರ ಕ್ಯಾನನ್ನು ತಿರುಗಿ ಅವರ ಕೈಗೇ ಕೊಟ್ಟು, ಒಂದು ಮಾತೂ ಆಡದೆ ಮುಂದಿನವರನ್ನು ಕರೆಯುವ ಹೆಂಗಸು. ಬೈದಿದ್ದರೆ ಮರೆಯಬಹುದಿತ್ತು, ಆ ಮೌನವನ್ನು ಊರು ಮರೆಯುತ್ತಿರಲಿಲ್ಲ. ಊರಿನ ಎಮ್ಮೆಗಳೆಲ್ಲ ಮೇಯುತ್ತಿದ್ದುದು ಊರಿಗೆ ಸೇರಿದ ದನಗುಡ್ಡದಲ್ಲಿ. ಆ ಗುಡ್ಡವನ್ನು ಗುತ್ತಿಗೆಗೆ ಕೇಳಿಕೊಂಡು ಗಾಳಿಯಂತ್ರದ ಕಂಪನಿಯೊಂದರ ಏಜೆಂಟ ಆಗಲೇ ಊರಿಗೆ ಬಂದು ಹೋಗಿದ್ದ. ಗುಡ್ಡಕ್ಕೆ ಬೇಲಿ ಬಿದ್ದರೆ ಎಮ್ಮೆಗಳಿಗೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಡೇರಿ ಇಲ್ಲ. ಶಂಕ್ರವ್ವನಿಗೆ ಹತ್ತಿದ ಚಿಂತೆ ಅದೊಂದೇ. ಊರಿನದೇ ಒಂದು ಯಂತ್ರವಾದರೆ ಅದು ಗುಡ್ಡದ ಒಂದು ಮೂಲೆಯಲ್ಲಿ ನಿಲ್ಲುತ್ತದೆ, ಉಳಿದ ಗುಡ್ಡ ಎಮ್ಮೆಗಳಿಗೆ ಉಳಿಯುತ್ತದೆ ಎಂದು ದೇಸಾಯರು ಹೇಳಿದಾಗ ಅವಳು ಕೈಯಲ್ಲಿದ್ದ ಕ್ಯಾನನ್ನು ತೊಳೆದು ಮುಗಿಸಿ ಕವುಚಿಟ್ಟಳು.

"ಹಾಲಿನ ಡೇರಿ ನಡಸ್ತೀವಿ," ಅಂದಳು ಕೊನೆಗೆ. "ಗಾಳಿ ಡೇರಿ ನಡಸೂದು ಆಗೂದಿಲ್ಲೇನು?"

ಅಂದಿನಿಂದ ಊರಿನಲ್ಲಿ ಅದಕ್ಕೆ ಗಾಳಿ ಡೇರಿ ಎಂದೇ ಹೆಸರಾಯಿತು. ಚಹಾದಂಗಡಿಯಲ್ಲಿ ಕೂತವರು, ಗಾಳಿಗೆ ನೀರು ಬೆರೆಸಿದರೆ ಶಂಕ್ರವ್ವ ಹೇಗೆ ಹಿಡಿಯುತ್ತಾಳೆ ಎಂದು ಕೇಳಿ ನಕ್ಕರು. ನಗುವುದಕ್ಕೆ ಬಂದವರೇ ನಿಧಾನವಾಗಿ ಸಭೆಗೆ ಕೂತರು. ಹೆಚ್ಚು ಹೊಲವಿದ್ದವರು ಹೆಚ್ಚು ಪಾಲು ಕೇಳಿದರು, ಇಲ್ಲದವರು ನಮಗೇನು ಎಂದರು. ತಿಂಗಳುಗಟ್ಟಲೆ ಜಗಳವಾಡಿದ ಮೇಲೆ ಮನೆಗೊಂದು ಪಾಲು, ರೊಕ್ಕ ಇಲ್ಲದವರು ಕೆಲಸಕ್ಕೆ ಬಂದು ಪಾಲು ತೀರಿಸಬಹುದು ಎಂದು ಒಪ್ಪಿದರು. ಆದರೆ ಸಾಲ ಕೊಡುವ ಬ್ಯಾಂಕಿನವರಿಗೆ ಊರಿನ ಒಪ್ಪಿಗೆ ಸಾಲದು. ಒಂದು ವರ್ಷ ಗಾಳಿ ಅಳೆದು ತೋರಿಸಿ ಎಂದರು. ಅಳತೆ ಚೆನ್ನಾಗಿ ಬಂದರೆ ಊರಿನ ಯಂತ್ರ, ಬರದಿದ್ದರೆ ಗುಡ್ಡ ಕಂಪನಿಗೆ ಎಂದು ಗ್ರಾಮಸಭೆಯೂ ತೀರ್ಮಾನಿಸಿತು. ಇಡೀ ಊರಿನ ಹಣೆಬರಹ ನನ್ನ ಮೂರು ಬಟ್ಟಲಿಗೆ ಬಂದು ನಿಂತದ್ದು ಹೀಗೆ.

ಗಣಪತಿ ನೀರಿಗೆ ಹೋದ ಮೇಲೆ ನನ್ನ ಕಂಬ ಎದ್ದಿತು. ಮನೆಗೊಬ್ಬರು ಬಂದು ಹಗ್ಗ ಜಗ್ಗಿದರು. ಇತರ ವಸ್ತುಗಳು ತಮ್ಮ ಒಡೆಯರನ್ನು ಕೆಳಗಿನಿಂದ ನೋಡುತ್ತವಂತೆ. ನಾನು ಮೇಲಿನಿಂದ ನೋಡಿದವನು. ನನಗೆ ಕಂಡದ್ದು ಬರೀ ರುಮಾಲುಗಳು, ಸೆರಗುಗಳು, ದೇಸಾಯರ ಟೋಪಿ. ಆ ಗುಡ್ಡದ ಗಾಳಿ ಬಲವಾಗಿತ್ತು. ಹಳೆಯ ಕೀಲು ನೋವೆಂದಿತು, ಆದರೂ ತಿರುಗಿದೆ. ಹೇಳಿದ್ದೆಲ್ಲ ನಿಜವನ್ನೇ ಹೇಳಿದೆ.

ಕೆಲವೇ ವಾರಗಳಲ್ಲಿ ಮಹಾನವಮಿ ಬಂತು. ಆ ಸೀಮೆಯಲ್ಲಿ ಅಂದು ದುಡಿಯುವ ಸಾಮಾನಿಗೆಲ್ಲ ಪೂಜೆ. ನೇಗಿಲು, ಕುಡುಗೋಲು, ಹೊಲಿಗೆ ಯಂತ್ರ, ಟ್ರ್ಯಾಕ್ಟರ್, ಹಾಲಿನ ಕ್ಯಾನು ಎಲ್ಲವನ್ನೂ ತೊಳೆದು, ಎಣ್ಣೆ ಹಚ್ಚಿ, ದಾರ ಕಟ್ಟಿ ಇಡುತ್ತಾರೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟಬಾರದು, ಅದು ಕೆಲಸ ಮಾಡಬಾರದು. ಊರಿನ ಸಾಮಾನೆಲ್ಲ ಕೂತಿರುವಾಗ ಊರಿಗಾಗಿ ಹಗಲೂ ರಾತ್ರಿ ದುಡಿಯುವ ಇದೊಂದು ಯಾಕೆ ತಿರುಗಬೇಕು ಎಂದು ಶಂಕ್ರವ್ವ ಕೇಳಿದಳು. ಎಲ್ಲರಿಗೂ ಹೌದೆನ್ನಿಸಿತು. ದೇಸಾಯರು ಹಬ್ಬಕ್ಕೆ ಧಾರವಾಡಕ್ಕೆ ಹೋಗಿದ್ದರು. ಕಂಬವನ್ನು ಮೆಲ್ಲಗೆ ಮಲಗಿಸಿ ನನ್ನನ್ನು ಬಿಚ್ಚಿ ಡೇರಿಗೆ ತಂದರು.

ಶಂಕ್ರವ್ವ ನನ್ನನ್ನು ಕೂಸಿಗೆ ಎರೆದ ಹಾಗೆ ತೊಳೆದಳು. ಗಾಡಿಯ ಅಚ್ಚಿಗೆ ಬಿಡುವಂತೆ ಕೀಲಿಗೆ ಮನೆಯ ಕುಸುಬಿ ಎಣ್ಣೆ ಬಿಟ್ಟಳು. ಅರಿಷಿಣ, ಕುಂಕುಮ, ವಿಭೂತಿ ಹಚ್ಚಿ, ತಿರುಗದಿರಲಿ ಎಂದು ಬಟ್ಟಲುಗಳಿಗೆ ದಾರ ಸುತ್ತಿ, ಹಾಲಿನ ಕ್ಯಾನುಗಳ ನಡುವೆ ಕೂರಿಸಿದಳು. ನಾನು ನಿಂತೆ. ಹುಟ್ಟಿದ ಮೇಲೆ ಯಾರೂ ನನ್ನನ್ನು ದಣಿದೆಯಾ ಎಂದು ಕೇಳಿರಲಿಲ್ಲ. ನನಗೆ ಕಣ್ಣೀರಿಲ್ಲದ್ದು ಒಳ್ಳೆಯದಾಯಿತು, ಇದ್ದಿದ್ದರೆ ಅತ್ತುಬಿಡುತ್ತಿದ್ದೆ.

ಬನ್ನಿ ಹಂಚಿಕೊಂಡ ಮೇಲೆ ದಾರ ಹರಿದು ನನ್ನನ್ನು ಮತ್ತೆ ಮೇಲಕ್ಕೇರಿಸಿದರು. ಒಂದು ಎಳೆ ಕೀಲಿನ ಒಳಗೇ ಉಳಿದುಕೊಂಡಿತ್ತು. ಗಾಳಿ ಇಲ್ಲದ ಒಂದು ದಿನ ಲೆಕ್ಕದಲ್ಲಿ ಕಂಡು ದೇಸಾಯರು ಫೋನು ಮಾಡಿ ಕೇಳಿದರು, ಕಾರಣ ತಿಳಿದು ನಕ್ಕರು, ಒಂದು ದಿನ ಹೋದರೆ ಹೋಯಿತು ಎಂದರು. ಎಣ್ಣೆಯ ಮಾತು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಕುಸುಬಿ ಎಣ್ಣೆ ಬಿಸಿಲಿಗೆ ಅಂಟಾಗುತ್ತದೆ. ಅಂಟಿಗೆ ಗುಡ್ಡದ ಕೆಂಪು ಧೂಳು ಹತ್ತಿತು, ಅರಿಷಿಣ ಸೇರಿತು. ದಿನ ಹೋದಂತೆ ಯಾರೋ ಕತ್ತು ಹಿಡಿದಂತಾಯಿತು. ಆಷಾಢದ ಗಾಳಿ ಬಂತು, ಎಮ್ಮೆಗಳೇ ಬೆನ್ನು ತಿರುಗಿಸಿ ನಿಲ್ಲುವಂಥ ಗಾಳಿ. ನಾನು ತಿಣುಕಿ ತಿಣುಕಿ ತಿರುಗಿದೆ. ಗಾಳಿ ಬಲವಾಗಿದೆ ಎಂದು ಕೂಗಬೇಕೆನ್ನಿಸಿತು. ಆದರೆ ನನಗಿರುವುದು ತಿರುಗುವ ಒಂದೇ ಭಾಷೆ, ಅದೇ ಕಟ್ಟಿಹೋಗಿತ್ತು.

ವರ್ಷ ತುಂಬಿತು. ಗಾಳಿ ಸಾಲದು ಎಂದು ವರದಿ ಬಂತು, ಬ್ಯಾಂಕು ಸಾಲವಿಲ್ಲ ಎಂದಿತು. ದೇಸಾಯರು ಕಂಬದ ಬುಡಕ್ಕೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತರು. ವಯಸ್ಸಾದವರ ಹುಚ್ಚಿಗೆ ನಿಮ್ಮನ್ನೆಲ್ಲ ಅಲೆದಾಡಿಸಿದೆ, ತಪ್ಪಾಯಿತು ಎಂದು ಶಂಕ್ರವ್ವನಿಗೆ ಹೇಳಿದರು. ಅವಳ ಮನಸ್ಸು ಆಗಲೇ ಬೇರೆ ಕಡೆ ಇತ್ತು. ಹಿಂದಿನ ದಿನ ಕಂಪನಿಯ ಏಜೆಂಟ ಮಿಠಾಯಿ ಡಬ್ಬಿ ಹಿಡಿದು ಮತ್ತೆ ಊರಿಗೆ ಬಂದಿದ್ದ. ಗುಡ್ಡ ಈಗಲಾದರೂ ಕೊಡಿ ಎಂದು ಯಲ್ಲನಗೌಡರ ಮನೆಯಲ್ಲಿ ಕೂತು ಕೇಳಿದ್ದ. ಯಲ್ಲನಗೌಡರು ಮೊದಲಿನಿಂದಲೂ ಕಂಪನಿಯ ಕಡೆಯವರು.

"ದೇಸಾಯ್ರ," ಅಂದಳು ಶಂಕ್ರವ್ವ. "ಗಾಳಿ ಇಲ್ಲದ ಗುಡ್ಡ ತಗೊಂಡು ಅವ್ರೇನ್ ಮಾಡ್ತಾರ?"

ದೇಸಾಯರು ನಿಧಾನಕ್ಕೆ ಕತ್ತೆತ್ತಿ ನನ್ನನ್ನು ನೋಡಿದರು. ಸಂಜೆಯೊಳಗೆ ಕಂಬ ಇಳಿಯಿತು. ಅವರು ಬೆರಳಿನಿಂದ ತಳ್ಳಿದರೆ ನಾನು ಎರಡು ಸುತ್ತು ತಿರುಗಿ ನಿಂತೆ. ಶಂಕ್ರವ್ವ ಡೇರಿಯಲ್ಲಿ ಕ್ಯಾನು ತೊಳೆಯುವ ಬಿಸಿನೀರಿಗೆ ಸೋಡಾ ಹಾಕಿ ನನ್ನನ್ನು ಅದ್ದಿದಳು. ಮೊದಲು ಕೆಂಪು ರಾಡಿ ಬಂತು, ಆಮೇಲೆ ಹಳದಿ ಬಂತು, ಕೊನೆಗೆ ಒಂದು ಎಳೆ ದಾರ ಬಂತು. ದಾರವನ್ನು ಅಂಗೈ ಮೇಲೆ ಇಟ್ಟುಕೊಂಡು ಅವಳು ಅಲ್ಲೇ ನೆಲಕ್ಕೆ ಕೂತಳು. ತೊಳೆದ ಮೇಲೆ ದೇಸಾಯರು ಊದಿದರೆ ಸಾಕು, ನಾನು ಗಿರ್ರನೆ ತಿರುಗಿದೆ. ಎಣ್ಣೆ ಬಿಟ್ಟಿರೇನು ಎಂದು ತಾವೇ ಅವತ್ತು ಫೋನಿನಲ್ಲಿ ಕೇಳಬೇಕಿತ್ತು, ಇದು ಅವಳೊಬ್ಬಳ ತಪ್ಪಲ್ಲ ಎಂದು ಅವರು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳಲಿಲ್ಲ.

ಗುಡ್ಡವನ್ನು ಕಂಪನಿಗೆ ಕೊಡಲು ಕರೆದ ಗ್ರಾಮಸಭೆಗೆ ಶಂಕ್ರವ್ವ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಕಟ್ಟೆಯ ಮೇಲೆ ನನ್ನನ್ನಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಸಭೆ ಗುಜುಗುಜು ಎಂದಿತು. ಯಲ್ಲನಗೌಡರು ಎದ್ದು ನಿಂತು, ಹಾಗಾದರೆ ಹಬ್ಬ ಮಾಡಿದ್ದೇ ಊರಿಗೆ ಮುಳುವಾಯಿತೇ, ಪೂಜೆಯ ಮೇಲೆ ತಪ್ಪು ಹೊರಿಸುತ್ತೀಯಾ ಎಂದು ಕೇಳಿದರು.

"ಪೂಜಿ ತಪ್ಪಲ್ಲ, ಗೌಡ್ರ. ಕೀಲಿಗೆ ಎಣ್ಣಿ ಬಿಟ್ಟಾಕಿ ನಾನು. ತಪ್ಪು ನಂದು," ಅಂದಳು ಅವಳು. ನನ್ನ ಬಟ್ಟಲನ್ನು ಬೆರಳಿನಿಂದ ತಳ್ಳಿ ತಿರುಗಿಸಿ ತೋರಿಸಿದಳು. "ಹಾಲ ಅಳಿಯೂ ಮಾಪು ಕೆಟ್ಟಿದ್ರ ಮಾಪು ತೊಳಿತೀವಿ. ಎಮ್ಮಿ ಮಾರ್ತೀವೇನು?"

ಶಂಕ್ರವ್ವ ಹಿಂದೊಮ್ಮೆ ನೀರುಹಾಲಿನ ಕ್ಯಾನು ತಿರುಗಿಸಿಕೊಟ್ಟಿದ್ದ ಒಬ್ಬ ಮುದುಕಿ ಹಿಂದಿನ ಸಾಲಿನಿಂದ ಕೈ ಎತ್ತಿದಳು. ಇನ್ನೊಂದು ವರ್ಷ ನೋಡೋಣ ಎಂದಳು. ಒಂದೊಂದಾಗಿ ಕೈಗಳು ಎದ್ದವು. ಎಲ್ಲವೂ ಏಳಲಿಲ್ಲ, ಸಾಕಾಗುವಷ್ಟು ಎದ್ದವು.

ಎಲ್ಲರೂ ಸಂತೋಷಪಟ್ಟರು, ನಾನೊಬ್ಬನನ್ನು ಬಿಟ್ಟು. ಇನ್ನೊಂದು ವರ್ಷ ತಿರುಗಬೇಕಾದವನು ನಾನಲ್ಲವೇ? ಕಂಬ ಏರಿಸುವ ಮೊದಲು ಶಂಕ್ರವ್ವ ನನ್ನ ಬಟ್ಟಲನ್ನು ಸವರಿ, ಇದೊಂದು ಸಲ ಏರು, ಆಮೇಲೆ ನಿನ್ನನ್ನು ಬಿಟ್ಟುಬಿಡುತ್ತೇನೆ ಎಂದಳು. ಮಾತು ಕೊಟ್ಟವರು ನನಗೆ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಏರಿದೆ. ಆ ಮಹಾನವಮಿಗೆ ಊರಿನ ನೇಗಿಲು, ಗಾಡಿ, ಗಿರಣಿ ಎಲ್ಲ ಕೂತಿದ್ದವು. ಶಂಕ್ರವ್ವ ಗುಡ್ಡ ಹತ್ತಿ ಬಂದು ಕಂಬದ ಬುಡಕ್ಕಷ್ಟೇ ಕುಂಕುಮ ಇಟ್ಟಳು. ಮೇಲೆ ನೋಡದೆ ಇಳಿದು ಹೋದಳು. ನೋಡಿದ್ದರೆ ನಾನು ತಿರುಗುತ್ತಿರುವುದು ಕಂಡು ಅವಳಿಗೆ ನೋಯುತ್ತಿತ್ತು.

ಆ ವರ್ಷದ ಅಳತೆ ಚೆನ್ನಾಗಿ ಬಂತು. ಆದರೆ ಗಾಳಿ ಇದೆ ಎಂದು ಸಾಬೀತಾದ ಮಾತ್ರಕ್ಕೆ ಯಂತ್ರ ಬಂದುಬಿಡುವುದಿಲ್ಲ. ಆ ಕಚೇರಿ, ಈ ಕಚೇರಿ ಎಂದು ಅಲೆದು ಅಲೆದು ಶಂಕ್ರವ್ವನ ಮೊಣಕಾಲು ಸವೆದವು. ಬೇಸತ್ತ ಕೆಲವರು ಪಾಲು ಬಿಟ್ಟರು. ಸಭೆಯಲ್ಲಿ ಮೊದಲು ಕೈ ಎತ್ತಿದ ಮುದುಕಿ ಯಂತ್ರ ನೋಡದೇ ಹೋದಳು. ಟೋಪಿಯ ಹಿಂದೆ ಓಡಲು ದೇಸಾಯರಿಗೆ ಆಗುತ್ತಿರಲಿಲ್ಲ, ಯಾರಾದರೂ ಹಿಡಿದು ತಂದು ಕೊಡಬೇಕಿತ್ತು. ಕೊನೆಗೂ ದನಗುಡ್ಡದ ಮೂಲೆಯಲ್ಲಿ ಊರಿನ ಗಾಳಿಯಂತ್ರ ಎದ್ದು ನಿಂತಾಗ ಕುಣಿಯುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಎಲ್ಲರೂ ಹುಲ್ಲಿನ ಮೇಲೆ ಕೂತು ನೋಡಿದರು. ಎಮ್ಮೆಗಳು ಅದರ ನೆರಳಿನಲ್ಲಿ ಮೇಯುತ್ತಿದ್ದವು.

ನಾನೀಗ ಡೇರಿಯ ಗೂಡಿನಲ್ಲಿದ್ದೇನೆ. ಒಂದು ಬಟ್ಟಲು ಸೀಳಿದೆ, ಕೀಲು ಸವೆದಿದೆ. ಮೊನ್ನೆ ಮಹಾನವಮಿಯ ಬೆಳಿಗ್ಗೆ ಶಂಕ್ರವ್ವ ಗೋಡೆ ಹಿಡಿದುಕೊಂಡು ಬಂದಳು. ಊರಿನ ಯಂತ್ರವನ್ನು ಇವತ್ತು ನಿಲ್ಲಿಸಬೇಕು ಎಂದಳು. ಬೀಸುವ ಗಾಳಿ ಸುಮ್ಮನೆ ಹೋಗುತ್ತದೆ, ದನಗುಡ್ಡ ಸಿಗದೆ ಆ ಕಡೆಯ ಗುಡ್ಡದಲ್ಲಿ ಯಂತ್ರ ಹಾಕಿದ ಕಂಪನಿಯವರು ಯಾವತ್ತಾದರೂ ನಿಲ್ಲಿಸುತ್ತಾರೆಯೇ ಎಂದು ದೇಸಾಯರು ಫೋನಿನಲ್ಲಿ ಕೇಳಿದರು.

"ಅವ್ರು ಯಾರನ್ನ ಕೇಳಿ ನಿಲ್ಲಸಬೇಕೋ," ಅಂದಳು ಅವಳು. "ಇದು ನಮ್ದು, ದೇಸಾಯ್ರ."

ದೇಸಾಯರು ನಕ್ಕು, ಕೀಲಿಗೆ ಮಾತ್ರ ಎಣ್ಣೆ ಬಿಡಬೇಡಿ ಎಂದರು.

ಬಾಗಿಲಿನಿಂದ ನನಗೆ ಗುಡ್ಡ ಕಾಣುತ್ತದೆ. ದೂರದ ಸಾಲಿನಲ್ಲಿ ಕಂಪನಿಯ ರೆಕ್ಕೆಗಳು ತಿರುಗುತ್ತಲೇ ಇದ್ದವು. ದನಗುಡ್ಡದ ಮೇಲೆ ನಮ್ಮದು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಶಂಕ್ರವ್ವ ನನ್ನನ್ನು ಗೂಡಿನಿಂದ ಇಳಿಸಿ ಹಾಲಿನ ಕ್ಯಾನುಗಳ ನಡುವೆ ಇಟ್ಟಳು. ಬಟ್ಟಲುಗಳಿಗೆ ದಾರ ಸುತ್ತಿದಳು. ಆಮೇಲೆ ಕಾಲು ಚಾಚಿ ತಾನೂ ನನ್ನ ಪಕ್ಕಕ್ಕೆ ಕೂತಳು.

"ಇನ್ನ ಕುಂದ್ರು ನೀ," ಅಂದಳು.

ಮರುದಿನ ಬನ್ನಿ ಮುಡಿದ ಮೇಲೆ ಗುಡ್ಡದ ಯಂತ್ರ ತಿರುಗಿತು, ನೇಗಿಲು ಹೊಲಕ್ಕೆ ಹೋದವು, ಕ್ಯಾನುಗಳಿಗೆ ಹಾಲು ಬಿತ್ತು. ಎಲ್ಲರ ದಾರವನ್ನೂ ಶಂಕ್ರವ್ವ ಒಂದೊಂದಾಗಿ ಬಿಚ್ಚಿದಳು. ನನ್ನದನ್ನು ಬಿಚ್ಚಲಿಲ್ಲ.