ಕವುಚಿ ಹಾಕಿದ ಕಲ್ಲು

ನೀರುಕಾಗೆಯೊಂದು ಒಣಮರದ ಕೊಂಬೆಯ ಮೇಲೆ ಎರಡೂ ರೆಕ್ಕೆ ಬಿಚ್ಚಿ ಕೂತಿದೆ, ಹಗ್ಗದ ಮೇಲೆ ಹರವಿದ ಕರೀ ಬಟ್ಟೆಯ ಹಾಗೆ, ಕೆರೆ ಏರಿಯ ಮೇಲೆ ನಿಂತವರೆಲ್ಲ ಅದನ್ನೇ ನೋಡುತ್ತಿದ್ದಾರೆ, ಕೊರಳಲ್ಲಿ ದುರ್ಬೀನು, ಕಾಲಲ್ಲಿ ಬಿಳೀ ಶೂ, ಯಮುನಾ ಮಾತ್ರ ನೋಡುತ್ತಿಲ್ಲ, ಅವಳ ಕಿವಿ ಹಿಂದಿದೆ, ರಸ್ತೆಯ ಕಡೆ — ಬಂತೇ, ಕಾಂಕ್ರೀಟ್ ಲಾರಿ ಬಂತೇ, ಇಲ್ಲ, ಅದು ಕಸದ ಆಟೋ, ಹಾಡು ಹಾಕಿಕೊಂಡು ಹೋಗುತ್ತಿದೆ. ಹತ್ತು ಗಂಟೆಗೆ ಲಾರಿ ಕಳಿಸುತ್ತೇನೆ ಅಂದಿದ್ದಾನೆ ಕಂಟ್ರಾಕ್ಟರ್ ಆನಂದ್, ಈಗ ಒಂಬತ್ತೂವರೆ ದಾಟಿದೆ, ಹತ್ತಕ್ಕೆ ಪಾಯಕ್ಕೆ ಕಾಂಕ್ರೀಟ್ ಬೀಳುತ್ತದೆ, ಅದಕ್ಕೂ ಮೊದಲು ಮೂಲೆಯ ಗುಂಡಿಗೆ ಆ ಕಲ್ಲು ಬೀಳುತ್ತದೆ, ಆಮೇಲೆ ಅದರ ಮೇಲೆ ನಾಲ್ಕು ಮಹಡಿ, ಅದರಲ್ಲೊಂದು ಮಹಡಿ ಅವಳದೇ ಸಂಸಾರಕ್ಕೆ. ಮಜ್ಜಿಗೆಯ ಕ್ಯಾನು ಬೆರಳನ್ನು ಕೊಯ್ಯುತ್ತಿದೆ, ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ. ಮುಂದೆ ಮಾವ ಮುನಿಆಂಜನಪ್ಪ ನಡೆಯುತ್ತಿದ್ದಾರೆ, ಬಿಳೀ ಪಂಚೆ, ಹೆಗಲ ಮೇಲೆ ಟವೆಲು, ಅವರಿಗೆ ಇದೆಲ್ಲ ಹಬ್ಬ, ಪೇಟೆಯವರು ತಾತಾ ತಾತಾ ಅಂತ ಸುತ್ತಿಕೊಂಡು ಕೇಳುವುದು, ಇವರು ತೂಬು ತೋರಿಸುವುದು, ಈ ನೀರು ಕುಡಿದೇ ಕಣಮ್ಮ ನಾನು ಎಪ್ಪತ್ತೆರಡಕ್ಕೂ ಹಿಂಗಿರೋದು, ಈಗ ನೀವು ಒಂದು ಗುಟುಕು ಕುಡೀರಿ, ಸೀದಾ ಆಸ್ಪತ್ರೆ, ಎಲ್ಲರೂ ನಗುತ್ತಾರೆ, ಅಲಿಯಾ ಎಲ್ಲರಿಗಿಂತ ಜೋರಾಗಿ ನಗುತ್ತಾಳೆ. ಅಲಿಯಾ ಕಾಕ್ಸ್ ಟೌನಿನ ಹುಡುಗಿ, ಯಮುನಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಭಾನುವಾರ ಬಂದರೆ ಜನರನ್ನು ಕಟ್ಟಿಕೊಂಡು ನಡೆಯುತ್ತಾಳೆ, ಹೋದ ವಾರ ಹಲಸೂರು ಕೆರೆ, ಅಲ್ಲಿಯ ದೇವಸ್ಥಾನ, ಈ ವಾರ ಇವರೂರು ಹೊರಮಾವು, ಏನಾದರೂ ಕೇಳಬೇಕು ಅನಿಸಿದರೆ ಕೇಳಿಯೇ ಬಿಡುತ್ತಾಳೆ, ಹಾಗೆ ಕೇಳುವ ಹೆಂಗಸಿಗೆ ಭಯ ಅಂದರೆ ಏನು ಗೊತ್ತು. ಅಮ್ಮಣ್ಣೀ, ಹಿಂದೆ ಉಳ್ಕೋಬೇಡ, ಬಾ ಬಾ, ಮಜ್ಜಿಗೆ ಬಿಸಿಯಾದೀತು — ಬಂದೆ ಮಾವ — ದನಿ ಹೊರಗೆ ಬಂತೋ ಇಲ್ಲವೋ.

ಕಲ್ಲು ಸಿಕ್ಕಿ ಒಂಬತ್ತು ದಿನ. ಹಳೇ ಮನೆ ಕೆಡವಿ ಜೆಸಿಬಿ ನೆಲ ಬಗೆಯುವಾಗ ಅವಳು ಟೀ ತಂದಿದ್ದಳು, ಬಕೆಟ್ಟಿನ ಹಲ್ಲಿಗೆ ಸಿಕ್ಕಿ ಉದ್ದನೆಯ ಚಪ್ಪಡಿಯೊಂದು ಎದ್ದು ನಿಂತಿತು, ಕೆಸರು ಜಾರಿದ ಜಾಗದಲ್ಲಿ ಏನೋ ಉಬ್ಬು, ಅವಳು ಅಂಗೈಯಿಂದ ಒರೆಸಿದಳು, ಯಾಕೆ ಒರೆಸಬೇಕಿತ್ತು, ಟೀ ಕೊಟ್ಟು ಹೋಗಬಾರದಿತ್ತೇ — ಕೈ. ಬರೀ ಕೈ. ಮುಖ ಇಲ್ಲ, ಮೈ ಇಲ್ಲ, ಕೆತ್ತಿದ ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಚಿ ಮೇಲಕ್ಕೆ ನಿಂತ ಕೈ, ಬಿಚ್ಚಿದ ಅಂಗೈ, ಹೆಬ್ಬೆರಳ ಸಂದಿಯಲ್ಲಿ ಒಂದು ಉಂಡೆ, ಮಣಿಕಟ್ಟಿನಲ್ಲಿ ಬಳೆ, ಒಂದು, ಎರಡು, ಮೂರು. ಆನಂದ್ ಓಡಿ ಬಂದ, ಗುರು, ಕಲ್ಲು ಗಿಲ್ಲು ಸಿಕ್ತು ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ಯಾವನಾದ್ರೂ ಒಂದು ಫೋಟೋ ಹಾಕಿದ್ರೆ ಪುರಾತತ್ವದೋರು ಬರ್ತಾರೆ, ಆರು ತಿಂಗಳು ಕೆಲಸ ಬಂದ್. ಗಂಡ ಮುನೀಂದ್ರ ಅವಳನ್ನು ನೋಡಿದ, ಅಷ್ಟೇ. ಮುನೀಂದ್ರ ಹೊಡೆಯುವವನಲ್ಲ, ಕೋಪ ಬಂದರೆ ಮಾತು ನಿಲ್ಲಿಸುತ್ತಾನೆ, ಮದುವೆಯಾದ ವರ್ಷ ಹದಿನೇಳು ದಿನ ನಿಲ್ಲಿಸಿದ್ದ, ತಟ್ಟೆ ಇಟ್ಟರೆ ಉಣ್ಣುತ್ತಾನೆ, ನೀರು ಕೊಟ್ಟರೆ ಕುಡಿಯುತ್ತಾನೆ, ಮನೆಯಲ್ಲಿ ಅವಳೊಬ್ಬಳು ಇಲ್ಲವೇ ಇಲ್ಲ ಅನ್ನುವ ಹಾಗೆ, ಹದಿನೇಳನೇ ದಿನ ಅವಳು ತಾನೇ ಕನ್ನಡಿಯ ಮುಂದೆ ನಿಂತು ಇದ್ದೇನೆಯೇ ಎಂದು ನೋಡಿಕೊಂಡಿದ್ದಳು. ಕಲ್ಲನ್ನು ಕವುಚಿ ನಾಲ್ಕು ಇಟ್ಟಿಗೆಯ ಮೇಲೆ ಇಟ್ಟರು, ಸಿಮೆಂಟಿನ ಬಾಂಡ್ಲಿ ಇಡಲು. ಅವತ್ತು ಮಧ್ಯಾಹ್ನ ಅತ್ತೆ ಪಟಾಲಮ್ಮ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದು, ಬಗ್ಗಿ, ಕಲ್ಲಿನ ಅಡಿಗೆ ಅರಿಶಿನ ಕುಂಕುಮ ಹಚ್ಚಿ ಎದ್ದಾಗ ಎದುರಿಗೆ ಯಮುನಾ, ಇಬ್ಬರೂ ಕಳ್ಳಿಯರ ಹಾಗೆ, ನೀನು ನೋಡಿಲ್ಲ, ನಾನೂ ನೋಡಿಲ್ಲ, ಹೋಗು, ಅಕ್ಕಿ ನೆನೆಹಾಕು. ಅತ್ತೆ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಅಲ್ಲಿಯ ಬೋರ್‌ವೆಲ್ಲಿನ ನೀರಿಗೆ ಹೋದಾಗಲೆಲ್ಲ ಯಮುನಾ ಅದರ ಪಕ್ಕ ಕೂರುತ್ತಾಳೆ, ಇಟ್ಟಿಗೆಯ ಸಂದಿಯಲ್ಲಿ ಕೈ ತೂರಿಸುತ್ತಾಳೆ, ಇದೆ, ಬಳೆ ಇದೆ, ತಣ್ಣಗಿದೆ, ಮೊನ್ನೆ ಮಾತ್ರ ತಣ್ಣಗಿರಲಿಲ್ಲ, ಬೆಚ್ಚಗಿತ್ತು, ಬಿಸಿಲಿಗೆ ಕಲ್ಲು ಕಾದಿರುತ್ತದೆ, ಅಷ್ಟೇ, ಆದರೆ ಅಡಿಗೆ ಬಿಸಿಲು ಎಲ್ಲಿಂದ ಬರಬೇಕು, ಸರಕ್ಕನೆ ಕೈ ಎಳೆದುಕೊಂಡ ರಭಸಕ್ಕೆ ಇಟ್ಟಿಗೆಗೆ ತಗುಲಿ ಅವಳ ಒಂದು ಗಾಜಿನ ಬಳೆ ಒಡೆಯಿತು, ನಾಲ್ಕಿದ್ದದ್ದು ಮೂರಾಯಿತು.

ಅರಳಿಕಟ್ಟೆ ಬಂತು, ಎಲ್ಲರೂ ಕೂತರು, ಅವಳು ಕಾಗದದ ಲೋಟಕ್ಕೆ ಮಜ್ಜಿಗೆ ಹೊಯ್ಯುತ್ತಿದ್ದಾಳೆ, ಚೆಲ್ಲುತ್ತಿದೆ, ಇಲ್ಲಿಂದ ಮನೆಯ ಜಾಗ ಕಾಣುತ್ತದೆ, ಕಬ್ಬಿಣದ ಸರಳುಗಳು, ನೀಲಿ ಟಾರ್ಪಾಲು, ಮುನೀಂದ್ರನ ಕೆಂಪು ಟೀ ಶರ್ಟು, ಇಬ್ಬರು ಆಳುಗಳು ಹಾರೆ ಹಿಡಿದು ಬಾಗಿದ್ದಾರೆ. ಅಲಿಯಾ ಫೋನು ಎತ್ತಿ ಒಂದು ಚಿತ್ರ ತೋರಿಸುತ್ತಾಳೆ, ಇದಕ್ಕೆ ಮಾಸ್ತಿಕಲ್ಲು ಅಂತಾರೆ, ಗಂಡ ಸತ್ತ ಮೇಲೆ ಬೆಂಕಿಗೆ ಹೋದವಳ ನೆನಪಿಗೆ ನಿಲ್ಸೋದು, ಅವಳ ಮುಖ ಕೆತ್ತಿರಲ್ಲ ನೋಡಿ, ಕೈ ಮಾತ್ರ, ಬಳೆ ಹಾಗೇ ಇರತ್ತೆ, ಬೆರಳ ಸಂದೀಲಿ ನಿಂಬೆಹಣ್ಣು. ನಿಂಬೆಹಣ್ಣು. ಉಂಡೆಯಲ್ಲ, ನಿಂಬೆಹಣ್ಣು. ಅವಳಿಗೆಷ್ಟು ವಯಸ್ಸಿತ್ತೋ, ಇಪ್ಪತ್ತೋ, ನನ್ನಷ್ಟೋ, ತಾನಾಗಿ ಹೋದಳೋ, ದೂಡಿದರೋ, ಯಾರೂ ಕೇಳಲಿಲ್ಲವೋ, ಆ ಕೈಯಿಂದ ಸಾಕು ಅಂದಳೋ, ನಿಲ್ಲಿ ಅಂದಳೋ. ಬೆಚ್ಚಗಿತ್ತು. ಅವಳ ಮೇಲೆ ಒಲೆ ಹೂಡಬೇಕು, ಅವಳ ಮೇಲೆ ಹಾಸಿಗೆ ಹಾಸಬೇಕು, ಅವಳ ಮೇಲೆ ಮಗು ಅಂಬೆಗಾಲಿಡಬೇಕು. ತಾತಾ, ನಿಮ್ಮೂರು ಇಷ್ಟು ಹಳೇದು, ಇಂಥದ್ದು ಒಂದಾದ್ರೂ ಇರ್ಬೇಕಲ್ಲಾ? ಇಲ್ಲ ಕಣಮ್ಮ, ಅಂಥದ್ದೇನೂ ನಮ್ಮ ಕಡೆ ಇಲ್ಲ, ಇದ್ರೆ ನಾನೇ ತೋರಿಸ್ತಿರಲಿಲ್ವಾ — ಮಾವ ಎಷ್ಟು ಸಲೀಸಾಗಿ ನಕ್ಕರು, ಆದರೆ ಟವೆಲಿನಿಂದ ಕತ್ತು ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಅವಳ ಕಡೆ ನೋಡಿದರು. ಬೇರೆ ಯಾರಾದ್ರೂ ನೋಡಿದ್ದೀರಾ, ಅಲಿಯಾ ಸುತ್ತ ಕಣ್ಣಾಡಿಸಿದಳು, ನೋಡಿದ್ದೋರು ಕೈ ಎತ್ತಿ.

ಕೈ ಎತ್ತಿ. ಏಳನೇ ಕ್ಲಾಸು, ಹೊಸಕೋಟೆಯಾಚೆಯ ತವರು, ಮೇಷ್ಟ್ರು ಅಂದದ್ದೂ ಅದೇ, ನಲ್ಲಿ ಮುರಿದದ್ದು ಯಾರು, ನೋಡಿದವರು ಕೈ ಎತ್ತಿ, ಮೂವತ್ತು ಮಕ್ಕಳೂ ನೋಡಿದ್ದರು, ಎತ್ತಿದವಳು ಇವಳೊಬ್ಬಳು, ಪಂಚಾಯ್ತಿ ಅಧ್ಯಕ್ಷರ ಮಗ ಸಾರ್. ಸಂಜೆ ನಾಲ್ಕು ಜನ ಮನೆ ಬಾಗಿಲಿಗೆ ಬಂದರು, ಅಪ್ಪ ಅವರ ಕಾಲು ಹಿಡಿದರು, ಆಮೇಲೆ ಇವಳ ಕಡೆ ತಿರುಗಿ, ನಿಂಗ್ಯಾಕ್ ಬೇಕಿತ್ತೇ, ಸೋಮವಾರ ಅವಳ ಸ್ಕೂಲಿನ ಚೀಲದಲ್ಲಿ ಈರುಳ್ಳಿ ತುಂಬಿಟ್ಟಿದ್ದರು, ಸ್ಕೂಲು ಅಲ್ಲಿಗೇ ಮುಗಿಯಿತು. ಅವತ್ತಿನಿಂದ ಅವಳು ಕೈ ಎತ್ತಿಲ್ಲ, ಬಸ್ಸಿಗೂ ಎತ್ತುವುದಿಲ್ಲ, ಪಕ್ಕದವರು ನಿಲ್ಲಿಸಲಿ ಎಂದು ಕಾಯುತ್ತಾಳೆ. ಬೇಡ. ಕ್ಯಾನು ಹಿಡಿದುಕೋ, ಗಟ್ಟಿಯಾಗಿ ಹಿಡಿದುಕೋ, ಎರಡೂ ಕೈಯಲ್ಲಿ ಹಿಡಿದುಕೋ, ಇವರು ಮಜ್ಜಿಗೆ ಕುಡಿದು ಹೋಗುತ್ತಾರೆ, ನೀನು ಇಲ್ಲೇ ಇರಬೇಕು, ಹದಿನೇಳು ದಿನವಲ್ಲ ಈ ಸಲ, ಇಡೀ ಆಯುಸ್ಸು — ಲಾರಿ, ಲಾರಿ ಬಂತು, ಹಿಂದಕ್ಕೆ ಸರಿಯುವ ಕೀಂ ಕೀಂ ಕೀಂ, ಆಳುಗಳು ಹಾರೆ ಮೀಟಿದರು, ಚಪ್ಪಡಿಯ ಒಂದು ಅಂಚು ಎದ್ದಿತು, ಕ್ಯಾನು ಎಲ್ಲಿ, ಕಾಲ ಬಳಿ ತಣ್ಣಗೆ ಮಜ್ಜಿಗೆ, ಮಾವ ಯಾಕೆ ಹೀಗೆ ಎದ್ದು ನಿಂತರು, ಅಲಿಯಾ ಯಾಕೆ ಹೀಗೆ ನೋಡುತ್ತಿದ್ದಾಳೆ, ಎಲ್ಲರೂ ನೀರುಕಾಗೆಯನ್ನು ನೋಡಿದ ಹಾಗೆ ಅವಳನ್ನೇ ನೋಡುತ್ತಿದ್ದಾರೆ — ಕೈ, ಮೊಣಕೈಯಲ್ಲಿ ಮಡಚಿ ಮೇಲಕ್ಕೆ ನಿಂತ ಕೈ, ಬಿಚ್ಚಿದ ಅಂಗೈ, ಮಣಿಕಟ್ಟಿನಲ್ಲಿ ಬಳೆ, ಒಂದು, ಎರಡು, ಮೂರು