ಎರಡನೇ ಅಳತೆ

“ತೋಳು ಹಾಕಿಬಿಡು ಅಕ್ಕಾ. ಬಟ್ಟೆ ಮಿಕ್ಕಿತ್ತು, ಅದಕ್ಕೇ ಹಾಕ್ದೆ ಅಂತ ಹೇಳು.”

ತಂಗಿ ಛತ್ರಿ ಮರೆತವಳಂತೆ ಮೆಟ್ಟಿಲು ಹತ್ತಿ ವಾಪಸು ಬಂದಿದ್ದಳು. ಅವಳ ಮಗಳು ಗೌನಿನ ಅಳತೆ ಕೊಟ್ಟು ಆಗಲೇ ಕೆಳಗಿಳಿದು ರಸ್ತೆಯಲ್ಲಿ ನಿಂತಿದ್ದಳು. ಅಕ್ಕನ ಕುತ್ತಿಗೆಯಲ್ಲಿ ಟೇಪು ಇನ್ನೂ ಜೋತಾಡುತ್ತಿತ್ತು.

“ತೋಳೇ ಬೇಡ ಅಂತ ಈಗ ತಾನೇ ನಿನ್ನೆದುರಿಗೇ ಹೇಳಿದ್ಳಲ್ಲೇ.”

“ಹೇಳ್ತಾಳೆ, ಅವಳಿಗೇನು? ಅವಳು ಸ್ಟೇಜ್ ಮೇಲೆ ಹಾಡೋವಾಗ ಮುಂದಿನ ಸಾಲಲ್ಲಿ ನಮ್ಮತ್ತೆ ಕೂತಿರ್ತಾರೆ. ನಾನು ಮುಖ ಎಲ್ಲಿಟ್ಕೊಳ್ಲಿ? ನಾನು ಹೇಳ್ದೆ ಅಂತ ಮಾತ್ರ ಬಾಯಿ ಬಿಡಬೇಡ.”

ಇಲ್ಲದ ಛತ್ರಿಯನ್ನು ಹುಡುಕಿ ಮುಗಿಸಿ ತಂಗಿ ಹೊರಟುಹೋದಳು.

ಬೀದಿಗೆಲ್ಲ ಹೊಲಿಗೆಯಕ್ಕ ಎನಿಸಿಕೊಂಡವಳಿಗೆ ಇದೇನು ಹೊಸದಲ್ಲ. ಮೊದಲನೇ ಅಳತೆ ಟೇಪಿನಲ್ಲಿ, ಮೈಮೇಲೆ. ಎರಡನೇ ಅಳತೆ ಬಾಗಿಲಲ್ಲಿ, ಕಿವಿಯೊಳಗೆ. ಅದನ್ನು ಕೊಡುವವರು ಮನೆಯ ಹಿರಿಯರು. ಬೆಲ್‌ಬಾಟಮ್ ಪ್ಯಾಂಟು ನೆಲ ಗುಡಿಸುತ್ತಿದ್ದ ಕಾಲದಲ್ಲಿ ಅಪ್ಪಂದಿರು ಹಿಂದಿನಿಂದ ಬಂದು, “ಸ್ವಲ್ಪ ಕಮ್ಮಿ ಮಾಡಮ್ಮ, ಕಸ ಗುಡಿಸೋಕೆ ನಮ್ಮನೇಲಿ ಪೊರಕೆ ಇದೆ” ಎನ್ನುತ್ತಿದ್ದರು. ಆಮೇಲೆ ಪ್ಯಾಂಟು ಕಾಲಿಗೆ ಅಂಟಿಕೊಂಡಾಗ, ಬೆಲ್‌ಬಾಟಮ್ ಹಾಕಿ ಮೆರೆದ ಅದೇ ಹುಡುಗರು ಅಪ್ಪಂದಿರಾಗಿ ಬಂದು, “ಒಂದೆರಡು ಬೆರಳು ಸಡಿಲ ಬಿಡಿ, ಕೂತ್ರೆ ಹರಿದುಹೋಗುತ್ತೆ” ಎಂದರು. ಪಫ್ ತೋಳು ಬಂತು, ಹೋಯಿತು. ಕೋಟಿನ ಭುಜಕ್ಕೆ ದಿಂಬು ಸೇರಿತು, ಕಳಚಿತು. ಲಂಗ ಮೊಣಕಾಲಿಗೆ ಏರಿತು, ಪಾದಕ್ಕೆ ಇಳಿಯಿತು, ಮತ್ತೆ ಏರಿತು. ಬಾಗಿಲಿನ ಪಿಸುಮಾತು ಮಾತ್ರ ಬದಲಾಗಲಿಲ್ಲ. ಅಕ್ಕ ಎಲ್ಲರಿಗೂ ತಲೆಯಾಡಿಸುತ್ತಿದ್ದಳು. ಆಮೇಲೆ ಅಳತೆ ತಪ್ಪಿಸಿದೆ ಎಂದು ಮಕ್ಕಳಿಂದ ಬೈಸಿಕೊಳ್ಳುತ್ತಿದ್ದಳು.

ಆದರೆ ಆ ಮಾತು ತಂಗಿಯ ಬಾಯಿಂದಲೇ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ತಂಗಿ ಕಾಲೇಜಿನಲ್ಲಿದ್ದಾಗ ವಾರ್ಷಿಕೋತ್ಸವದ ನೃತ್ಯಕ್ಕೆ ಮೊಣಕಾಲಿನವರೆಗಿನ ಲಂಗ ಬೇಕೆಂದು ಹಟ ಹಿಡಿದಿದ್ದಳು. ಹುಡುಗಿಯರೆಲ್ಲ ಆಗ ಹಾಕುತ್ತಿದ್ದುದೇ ಅದು. ಹೊಸದಾಗಿ ಹೊಲಿಗೆ ಕಲಿತಿದ್ದ ಅಕ್ಕ ಅವಳು ಹೇಳಿದಷ್ಟಕ್ಕೇ ಕತ್ತರಿಸಿದಳು. ಆಮೇಲೆ ಅಮ್ಮ ಅಡುಗೆಮನೆಗೆ ಕರೆದು ಕಿವಿಯಲ್ಲಿ ಹೇಳಿದಳು. ಅಕ್ಕ ಕೆಳಗಿನ ಅಂಚಿಗೆ ಒಂದು ಗೇಣು ಬಟ್ಟೆ ಜೋಡಿಸಿ, ಬಿಚ್ಚಲಾಗದ ಹಾಗೆ ಎರಡೆರಡು ಸಲ ಹೊಲಿಗೆ ಹಾಕಿ, ಮಡಿಸಿ, ಪೊಟ್ಟಣ ಕಟ್ಟಿಕೊಟ್ಟಳು. ತಂಗಿ ಅದನ್ನು ಬಿಚ್ಚಿ ನೋಡಿದ್ದು ವೇದಿಕೆಯ ಹಿಂದೆ. ಅವಳು ಆ ದಿನ ಕುಣಿಯಲಿಲ್ಲ. ಮನೆಗೆ ಬಂದು ಅಮ್ಮನ ಜೊತೆ ಜಗಳವಾಡಿದಳು, ರಾಜಿಯೂ ಆದಳು. ಅಕ್ಕನ ಜೊತೆ ಮಾತ್ರ ಮಾತೇ ಬಿಟ್ಟಳು. ವರ್ಷಗಳಾದ ಮೇಲೆ ಮಗಳು ಹುಟ್ಟಿ, ಎಳೆಗೂಸಿಗೆ ಅಂಗಿ ಬೇಕೆಂದು ಈ ಮೆಟ್ಟಿಲು ಹತ್ತಿದಾಗಲೇ ಮತ್ತೆ ಮಾತು ಶುರುವಾದದ್ದು. ಹಳೆಯದನ್ನು ಇಬ್ಬರೂ ಕೆದಕಲಿಲ್ಲ.

ಆ ಎಳೆಗೂಸು ಈಗ ಮೊದಲ ಸಲ ಒಬ್ಬಳೇ ಹಾಡಲು ವೇದಿಕೆ ಹತ್ತಲಿದ್ದಳು. ಹೊರಡುವ ಮೊದಲು ದೊಡ್ಡಮ್ಮನ ಗಲ್ಲ ಹಿಂಡಿ, “ಹೇಳಿದ್ದನ್ನ ಹೇಳಿದ ಹಾಗೆ ಮಾಡೋಳು ನೀನೊಬ್ಳೇ ಕಣೇ” ಎಂದಿದ್ದಳು. ಮಕ್ಕಳಿಲ್ಲದ ಅಕ್ಕನಿಗೆ ಆ ಹುಡುಗಿಯೆಂದರೆ ಪ್ರಾಣ. ತೋಳು ಹಾಕಿದರೆ ಅವಳು ಕೈತಪ್ಪುತ್ತಾಳೆ. ಹಾಕದಿದ್ದರೆ ತಂಗಿ ಮತ್ತೆ ಮಾತು ಬಿಡುತ್ತಾಳೆ, ಈ ಸಲ ಬಿಟ್ಟರೆ ಮತ್ತೆ ಕೂಡಿಸಲು ಯಾವ ಕೂಸೂ ಹುಟ್ಟುವುದಿಲ್ಲ.

ಯಂತ್ರದ ಮುಂದೆ ಕೂತರೆ ಕಾಲು ಪೆಡಲು ತುಳಿಯುತ್ತಿರಲಿಲ್ಲ. ಸೂಜಿಗೆ ಪೋಣಿಸಿದ ದಾರ ಕಣ್ಣು ತಪ್ಪಿಸಿ ಹೊರಗೆ ಬರುತ್ತಿತ್ತು. ಕೆಳಗೆ ಯಾರದೋ ಚಪ್ಪಲಿ ಸದ್ದಾದರೂ ತಂಗಿಯೇ ಬಂದಳೇನೋ ಎಂದು ಎದ್ದು ಇಣುಕಿ ನೋಡುತ್ತಿದ್ದಳು. ಗೌನಿನ ಕಂಕುಳ ಸುತ್ತನ್ನು ಹುಡುಗಿ ಹೇಳಿದ ಹಾಗೆಯೇ, ತೋಳಿಲ್ಲದಂತೆ, ಪಟ್ಟಿ ಕೊಟ್ಟು ನೀಟಾಗಿ ಮುಗಿಸಿದಳು. ಆಮೇಲೆ ಮಿಕ್ಕ ಬಟ್ಟೆಯಲ್ಲಿ ಒಂದು ಜೊತೆ ತೋಳು ಕತ್ತರಿಸಿ, ಆ ಮುಗಿಸಿದ ಅಂಚಿನ ಮೇಲೆಯೇ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿದಳು. ಕಂಕುಳಲ್ಲಿ ಬಿಟ್ಟ ದಾರದ ತುದಿ ಹಿಡಿದು ಎಳೆದರೆ ತೋಳು ಇಡಿಯಾಗಿ ಕಳಚಿ ಕೈಗೆ ಬರಬೇಕು. ಹುಡುಗಿ ಒಬ್ಬಳೇ ಬಂದಾಗ ಗುಟ್ಟಾಗಿ ತೋರಿಸುವುದು, ತಂಗಿಗೆ ಏನೂ ತಿಳಿಯದು. ಅಂದು ಸ್ವಲ್ಪ ನಿದ್ದೆ ಬಂತು.

ಆದರೆ ತಾಯಿ ಮಗಳು ಇಬ್ಬರೂ ಒಟ್ಟಿಗೇ ಬಂದರು.

ಪರದೆಯ ಹಿಂದಿನಿಂದ ಹುಡುಗಿ ಗೌನು ತೊಟ್ಟು ಹೊರಬಂದು ಕನ್ನಡಿಯ ಮುಂದೆ ನಿಂತಳು. ತೋಳಿನ ಕಡೆ ಒಮ್ಮೆ ನೋಡಿದಳು. ಅವಳು ಕೂಗಾಡಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

“ನೀನೂನಾ, ದೊಡ್ಡಮ್ಮ?” ಎಂದಳು, ಅಷ್ಟೇ.

“ಬಟ್ಟೆ ಮಿಕ್ಕಿತ್ತು ಪುಟ್ಟಾ, ಅದಕ್ಕೇ…” ಎಂದಳು ಅಕ್ಕ. ತಂಗಿಯ ಬೆನ್ನ ಹಿಂದಿನಿಂದ ಕಣ್ಣಲ್ಲೇ ಸನ್ನೆ ಮಾಡಲು ನೋಡಿದಳು. ಹುಡುಗಿ ಅವಳತ್ತ ತಿರುಗಲೇ ಇಲ್ಲ.

“ಎಷ್ಟು ಲಕ್ಷಣವಾಗಿದೆ ನೋಡು!” ಎಂದಳು ತಂಗಿ, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ. ಮಗಳ ಭುಜ ನೇವರಿಸಿದಳು, ತೋಳನ್ನು ಎತ್ತಿ ಕಂಕುಳ ಹತ್ತಿರ ಬೆರಳಾಡಿಸಿದಳು. ಬೆರಳು ಅಲ್ಲೇ ನಿಂತಿತು. ಅಕ್ಕ ಹೊಲಿಗೆ ಕಲಿಯುವಾಗ ಪಕ್ಕದಲ್ಲೇ ಕೂತು ನೋಡಿದವಳು ಅವಳು. ದಾರದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಎಳೆಯದೆ, ಅಕ್ಕನ ಕಡೆ ನೋಡಿದಳು.

ಮುಗಿಯಿತು ಎಂದುಕೊಂಡಳು ಅಕ್ಕ. ಬೈಗುಳಕ್ಕೆ ಕಾದು ನಿಂತಳು.

ತಂಗಿ ಕನ್ನಡಿಯಲ್ಲಿ ಮಗಳ ಬಾಡಿದ ಮುಖವನ್ನು ನೋಡಿದಳು. ಆಮೇಲೆ ಮಗಳ ಇನ್ನೊಂದು ಕೈಯನ್ನು ತಂದು ಆ ದಾರದ ತುದಿಯನ್ನು ಅವಳ ಬೆರಳಿಗೆ ಮುಟ್ಟಿಸಿದಳು.

“ಇಲ್ಲಿದೆ ನೋಡು. ಎಳೆದ್ರೆ ಬಂದುಬಿಡುತ್ತೆ. ಮನೆಯಿಂದ ಹೊರಡೋವಾಗ ಬೇಡ. ಸ್ಟೇಜ್ ಹಿಂದೆ ಹೋದ್ಮೇಲೆ ಎಳಿ.”

“ಮುಂದಿನ ಸಾಲಲ್ಲಿ ಅಜ್ಜಿ ಇರ್ತಾರಲ್ಲ?”

“ಅವರನ್ನ ನಾನು ನೋಡ್ಕೋತೀನಿ.”

ಹುಡುಗಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಿರುಚಿಕೊಂಡು ದೊಡ್ಡಮ್ಮನ ಕುತ್ತಿಗೆಗೆ ಜೋತುಬಿದ್ದಳು, “ಕಳ್ಳಿ, ಕಳ್ಳಿ” ಎಂದು ಬೆನ್ನಿಗೆ ಗುದ್ದಿದಳು. ಅಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಹುಡುಗಿ ಬಟ್ಟೆ ಬದಲಾಯಿಸಲು ಪರದೆಯ ಹಿಂದೆ ಹೋದಳು. ಅಲ್ಲಿಂದ ಅವಳ ಗುನುಗು ಕೇಳಿಸತೊಡಗಿತು. ತಂಗಿ ಕೈಚೀಲದ ಬಾಯಿ ತೆರೆದು, ಏನನ್ನೂ ತೆಗೆಯದೆ ಮತ್ತೆ ಮುಚ್ಚಿದಳು.

“ಆವತ್ತು ನನ್ನ ಲಂಗಕ್ಕೂ ಹೀಗೇ ಹಾಕಬಹುದಿತ್ತಲ್ಲ, ಅಕ್ಕಾ.”

ದನಿಯಲ್ಲಿ ಕೋಪವಿರಲಿಲ್ಲ. ಅಕ್ಕ ನೆಲದ ಮೇಲೆ ಮಂಡಿಯೂರಿ, ಬಿದ್ದೇ ಇರದ ಗುಂಡುಸೂಜಿಗಳನ್ನು ಅಂಗೈಯಿಂದ ಸವರಿ ಸವರಿ ಹುಡುಕತೊಡಗಿದಳು.